ಶಾಪದ ಕಥೆ ಮರೆಸಿದ ಗುಟ್‌ಮನ್

ಲಿಸ್ಬನ್ ನಗರದ ಬೆನ್‌ಫಿಕಾ ಫುಟ್‌ಬಾಲ್ ಕ್ಲಬ್ಬಿನ ಕ್ರೀಡಾಂಗಣದಲ್ಲಿ ಎರಡು ಕಪ್‌ಗಳನ್ನು ಹಿಡಿದು ನಿಂತ ವ್ಯಕ್ತಿಯೊಬ್ಬರ ಪ್ರತಿಮೆ ಇದೆ. 2014ರಲ್ಲಿ ಅದನ್ನು ಅನಾವರಣ ಮಾಡಿದಾಗ, ಇನ್ನಾದರೂ ಶಾಪ ಕಳೆದೀತು ಎಂದು ಆಶಿಸಿದ ಅಭಿಮಾನಿಗಳಿದ್ದರು. ಕಳೆಯಲಿಲ್ಲ. ಅದೇ ಮೇ ತಿಂಗಳಲ್ಲಿ ಯುರೋಪಾ ಲೀಗ್ ಫೈನಲ್‌ನಲ್ಲಿ ಬೆನ್‌ಫಿಕಾ ಪೆನಾಲ್ಟಿ ಒದೆತಗಳಲ್ಲಿ ಸೆವಿಯಾ ತಂಡಕ್ಕೆ ಶರಣಾಯಿತು. 1962ರ ನಂತರ ಯುರೋಪಿನ ಟೂರ್ನಿಗಳ ಫೈನಲ್‌ಗಳಲ್ಲಿ ಅದು ಕಂಡ ಎಂಟನೆಯ ಸೋಲು ಅದು.

ಪ್ರತಿಮೆ ಬೇಲಾ ಗುಟ್‌ಮನ್ ಅವರದು. ಬೆನ್‌ಫಿಕಾಕ್ಕೆ ಎರಡು ಸಲ ಯುರೋಪಿಯನ್ ಕಪ್ ಗೆದ್ದುಕೊಟ್ಟ ಕೋಚ್. 1962ರಲ್ಲಿ ಸಂಬಳ ಹೆಚ್ಚಿಸಲು ಕೇಳಿದರು, ಆಡಳಿತ ಮಂಡಳಿ ಒಪ್ಪಲಿಲ್ಲ. ಇನ್ನು ನೂರು ವರ್ಷ ಈ ಕ್ಲಬ್ಬಿಗೆ ಯುರೋಪಿನ ಕಪ್ ಸಿಗದು ಎಂದು ಶಪಿಸಿ ಹೊರಟುಹೋದರು ಎಂಬುದು ಪ್ರಚಲಿತ ಕಥೆ. ಅವರು ಹಾಗೆಂದದ್ದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಅಷ್ಟೇ ಅಲ್ಲ, 1965ರಲ್ಲಿ ಅವರು ಅದೇ ಬೆನ್‌ಫಿಕಾಕ್ಕೆ ಕೋಚ್ ಆಗಿ ಮರಳಿ ಬಂದು ಒಂದು ಋತು ಕೆಲಸ ಮಾಡಿದರು. ಶಪಿಸಿದ ಮನೆಗೆ ಯಾರಾದರೂ ಊಟಕ್ಕೆ ಬರುತ್ತಾರೆಯೇ?

ಗುಟ್‌ಮನ್ 1899ರಲ್ಲಿ ಬುಡಾಪೆಸ್ಟ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ತಂದೆ ತಾಯಿ ನೃತ್ಯ ಶಿಕ್ಷಕರು. ಎಂಟಿಕೆ ಕ್ಲಬ್ಬಿನಲ್ಲಿ ಮಿಂಚಿದರೂ ಹಂಗೆರಿಯಲ್ಲಿ ಬೆಳೆಯುತ್ತಿದ್ದ ಯಹೂದಿ ದ್ವೇಷದ ನಡುವೆ ವಿಯೆನ್ನಾಕ್ಕೆ ಹೋದರು. ಅಲ್ಲಿ ಬರೀ ಯಹೂದಿ ಆಟಗಾರರೇ ಇದ್ದ ಹಕೋವಾ ತಂಡ 1925ರಲ್ಲಿ ಆಸ್ಟ್ರಿಯಾದ ಚಾಂಪಿಯನ್ ಆಯಿತು. ಮರುವರ್ಷ ತಂಡ ಅಮೆರಿಕ ಪ್ರವಾಸ ಹೋದಾಗ ಗುಟ್‌ಮನ್‌ರಿಗೆ ನ್ಯೂಯಾರ್ಕ್ ಹಿಡಿಸಿತು. ಅಲ್ಲೇ ನೆಲೆಸಿ ಆಡಿದರು, ದುಡ್ಡು ಮಾಡಿದರು. 1929ರ ಷೇರುಪೇಟೆ ಕುಸಿತದಲ್ಲಿ ಕಳೆದುಕೊಂಡರು.

ಯುರೋಪಿಗೆ ಮರಳಿ ಕೋಚ್ ಆದರು. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದೊಡನೆ ಹಕೋವಾ ಕ್ಲಬ್ಬೇ ಇಲ್ಲವಾಯಿತು. ಬುಡಾಪೆಸ್ಟ್‌ಗೆ ಬಂದು ಉಯ್‌ಪೆಸ್ಟ್ ತಂಡಕ್ಕೆ 1939ರಲ್ಲಿ ಲೀಗ್ ಪ್ರಶಸ್ತಿಯನ್ನೂ ಮಧ್ಯ ಯುರೋಪಿನ ಮಿತ್ರೋಪಾ ಕಪ್ಪನ್ನೂ ಗೆದ್ದುಕೊಟ್ಟರು. ಆದರೆ ಯಹೂದಿಯರ ವಿರುದ್ಧದ ಕಾನೂನುಗಳು ಹಂಗೆರಿಯಲ್ಲೂ ಬಂದಿದ್ದವು. ಆ ಕೆಲಸವೂ ಹೋಯಿತು.

1944ರ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಹಂಗೆರಿಯನ್ನು ಆಕ್ರಮಿಸಿತು. ಗುಟ್‌ಮನ್ ಅಡಗಿದ್ದು ಪತ್ನಿಯ ಸೋದರನ ಕ್ಷೌರದಂಗಡಿಯ ಮೇಲಿನ ಅಟ್ಟದಲ್ಲಿ. ಕೆಳಗೆ ಗಿರಾಕಿಗಳು ಬಂದು ಹೋಗುತ್ತಿದ್ದರೆ ಮೇಲೆ ಸದ್ದಿಲ್ಲದೆ ಕೂರಬೇಕಿತ್ತು. ಆಮೇಲೆ ಬಲವಂತದ ದುಡಿಮೆಯ ಶಿಬಿರ. ಆ ವರ್ಷದ ಡಿಸೆಂಬರ್‌ನಲ್ಲಿ, ಅಲ್ಲಿಂದ ಸಾಗಹಾಕುವ ಮುನ್ನ, ಕಿಟಕಿಯಿಂದ ಹಾರಿ ತಪ್ಪಿಸಿಕೊಂಡರು. ಜೊತೆಗಿದ್ದವರಲ್ಲಿ ಎರ್ನೋ ಎರ್ಬ್‌ಸ್ಟೈನ್ ಒಬ್ಬರು. ಮುಂದೆ ಇಟಲಿಯ ಟೊರಿನೊ ತಂಡವನ್ನು ಕಟ್ಟಿದ ಅವರು 1949ರ ಸುಪೆರ್ಗಾ ವಿಮಾನ ದುರಂತದಲ್ಲಿ ತಂಡದೊಂದಿಗೇ ಮಡಿದರು. ಗುಟ್‌ಮನ್‌ರ ತಂದೆ ಮತ್ತು ಸಹೋದರಿ ನಾಜಿಗಳ ಕೈಯಿಂದ ಉಳಿಯಲಿಲ್ಲ. ಈ ದಿನಗಳ ಬಗ್ಗೆ ಅವರು ಬಾಯಿ ಬಿಟ್ಟದ್ದು ಬಹಳ ಕಡಿಮೆ.

ಯುದ್ಧ ಮುಗಿದ ಮೇಲೆ ರುಮೇನಿಯಾದಲ್ಲಿ ತರಕಾರಿಯನ್ನೇ ಸಂಬಳವಾಗಿ ಪಡೆದರಂತೆ. ಕಿಶ್‌ಪೆಸ್ಟ್ ತಂಡದಲ್ಲಿ ಯುವಕ ಪುಷ್ಕಾಶ್ ತಮ್ಮ ಮಾತಿಗೆ ಎದುರು ನಿಂತಾಗ ಎದ್ದು ನಡೆದರು. ಇಟಲಿಯ ಮಿಲಾನ್ ಪಟ್ಟಿಯ ತುದಿಯಲ್ಲಿದ್ದಾಗಲೇ, 1955ರಲ್ಲಿ, ಅವರನ್ನು ತೆಗೆಯಿತು. ಎಲ್ಲಿಯೂ ಹೆಚ್ಚು ಕಾಲ ನಿಲ್ಲದ ಈ ಮನುಷ್ಯ 1957ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊ ತಂಡವನ್ನು ರಾಜ್ಯ ಚಾಂಪಿಯನ್ ಮಾಡಿ ಪೋರ್ಚುಗಲ್ ಸೇರಿದರು.

1961ರ ಮೇ 31ರಂದು ಬರ್ನ್‌ನಲ್ಲಿ ಬೆನ್‌ಫಿಕಾ ಬಾರ್ಸಿಲೋನಾವನ್ನು 3-2ರಿಂದ ಮಣಿಸಿತು. ಆ ಶಿಬಿರದ ಕಿಟಕಿಯಿಂದ ಹಾರಿ ಆಗಿನ್ನೂ ಹದಿನಾರೂವರೆ ವರ್ಷ. ಮರುವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಪರ ಮೂರು ಗೋಲು ಹೊಡೆದವರು ಅದೇ ಪುಷ್ಕಾಶ್. ಆದರೂ ಗೆದ್ದದ್ದು ಗುಟ್‌ಮನ್, 5-3ರಿಂದ. ಕೊನೆಯ ಎರಡು ಗೋಲು ಅವರು ಮೊಜಾಂಬಿಕ್‌ನಿಂದ ಕರೆತಂದಿದ್ದ ಇಪ್ಪತ್ತರ ಯುಸೇಬಿಯೊ ಅವರದು.

ಗುಟ್‌ಮನ್ 1981ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡರು. 1990ರಲ್ಲಿ ಯುರೋಪಿಯನ್ ಕಪ್ ಫೈನಲ್ ನಡೆದದ್ದು ಅದೇ ಊರಿನಲ್ಲಿ. ಪಂದ್ಯಕ್ಕೆ ಮೊದಲು ಯುಸೇಬಿಯೊ ಗುರುವಿನ ಸಮಾಧಿಗೆ ಹೋಗಿ ಪ್ರಾರ್ಥಿಸಿದರಂತೆ. ಬೆನ್‌ಫಿಕಾ 0-1ರಿಂದ ಸೋತಿತು. ಗೆದ್ದದ್ದು 1955ರಲ್ಲಿ ಗುಟ್‌ಮನ್‌ರನ್ನು ಮನೆಗೆ ಕಳಿಸಿದ್ದ ಮಿಲಾನ್.