ಮಕ್ಕಳ ಆಸ್ತಮಾ (ಉಬ್ಬಸ): ಪೋಷಕರಿಗೆ ಮಾಹಿತಿ

ಆಸ್ತಮಾ ಅಂಟುರೋಗವಲ್ಲ. ಶ್ವಾಸನಾಳಗಳ ಒಳಪದರದಲ್ಲಿ ದೀರ್ಘಕಾಲ ಇರುವ ಉರಿಯೂತವೇ ಇದರ ಮೂಲವಾಗಿದ್ದು, ರಾತ್ರಿ ಮತ್ತು ಬೆಳಗಿನ ಜಾವದ ಕೆಮ್ಮು, ಉಸಿರಿನಲ್ಲಿ ಸಿಳ್ಳೆಯಂತಹ ಶಬ್ದ ಹಾಗೂ ಆಟದ ವೇಳೆ ಏದುಸಿರು ಇದರ ಸಾಮಾನ್ಯ ಲಕ್ಷಣಗಳಾಗಿವೆ.

ಮಗು ಚೇತರಿಸಿದಂತೆ ಕಂಡೊಡನೆ, ಇನ್‌ಹೇಲರ್ ಚಟವಾಗುತ್ತದೆಂಬ ಭಯದಿಂದ ಅನೇಕ ಪೋಷಕರು ಔಷಧಿಯನ್ನು ನಿಲ್ಲಿಸುತ್ತಾರೆ. ಈ ಭಯಕ್ಕೆ ಆಧಾರವಿಲ್ಲ. ಔಷಧಿಯು ನೇರವಾಗಿ ಶ್ವಾಸನಾಳಗಳನ್ನು ಸೇರುವುದರಿಂದ ಮಾತ್ರೆ, ಸಿರಪ್‌ಗಿಂತ ಅತ್ಯಲ್ಪ ಪ್ರಮಾಣ ಸಾಕಾಗುತ್ತದೆ. ಸಾಲ್ಬುಟಮಾಲ್ ಉಬ್ಬಸ ಬಂದಾಗ ಶ್ವಾಸನಾಳವನ್ನು ಸಡಿಲಿಸುತ್ತದೆಯೇ ಹೊರತು ಉರಿಯೂತವನ್ನು ಶಮನಗೊಳಿಸುವುದಿಲ್ಲ. ಆ ಕೆಲಸ ಬುಡೆಸೊನೈಡ್‌ನಂತಹ ಔಷಧಿಗಳದು. ಆದುದರಿಂದ ಮಗು ಆರೋಗ್ಯವಾಗಿರುವ ದಿನಗಳಲ್ಲಿಯೂ ಅವುಗಳನ್ನು ಕೊಡತಕ್ಕದ್ದು. ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು.

ಮಕ್ಕಳಿಗೆ ಇನ್‌ಹೇಲರನ್ನು ಸ್ಪೇಸರ್ ಮೂಲಕವೇ ನೀಡುವುದು ಸೂಕ್ತ. ಚಿಕ್ಕ ಮಕ್ಕಳಿಗೆ ಮಾಸ್ಕ್ ಜೋಡಿಸಬೇಕು. ಇನ್‌ಹೇಲರನ್ನು ಚೆನ್ನಾಗಿ ಅಲುಗಾಡಿಸಿ, ಒಂದು ಬಾರಿಗೆ ಒಂದೇ ಪಫ್ ಒತ್ತಿ, ಮಗು ಐದಾರು ಬಾರಿ ಉಸಿರಾಡಿದ ನಂತರವೇ ಮುಂದಿನದನ್ನು ಒತ್ತಬೇಕು. ಬುಡೆಸೊನೈಡ್ ಬಳಸಿದ ಮೇಲೆ ಬಾಯಿ ಮುಕ್ಕಳಿಸಿಸಬೇಕು. ಸ್ಪೇಸರನ್ನು ಸಾಬೂನು ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ ಗಾಳಿಗೆ ಒಣಗಿಸಬೇಕು.

ಮಂಗಳೂರಿನ ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯುವುದು, ಹಾಸಿಗೆ ತೇವಗೊಳ್ಳುವುದು ಸಹಜ. ಇವೆರಡೂ ಉಬ್ಬಸವನ್ನು ಕೆರಳಿಸಬಲ್ಲವು. ಬಿಸಿಲು ಬಂದ ದಿನ ಹಾಸಿಗೆಯನ್ನು ಒಣಗಿಸುವುದು ಒಳಿತು. ಬಚ್ಚಲಿನ ಒಲೆಯ ಹೊಗೆ, ಧೂಮಪಾನ, ಮನೆಯಲ್ಲಿ ಬೀಡಿ ಕಟ್ಟುವಲ್ಲಿನ ತಂಬಾಕಿನ ಧೂಳು ಇವುಗಳಿಂದ ಮಗುವನ್ನು ದೂರವಿರಿಸಬೇಕು. ಮಲೇರಿಯಾ ಭೀತಿಯಿಂದ ಸೊಳ್ಳೆಬತ್ತಿ ಉರಿಸುವ ಮನೆಗಳಲ್ಲಿ ಅದರ ಬದಲು ಸೊಳ್ಳೆಪರದೆ ಬಳಸುವುದು ಉತ್ತಮ. ಬಾಳೆಹಣ್ಣು, ಮೊಸರನ್ನು ಮಾತ್ರ ಸುಮ್ಮನೆ ಬಿಡಿಸಬೇಕಾಗಿಲ್ಲ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ (2013) ಅಂಗನವಾಡಿ ಹಾಗೂ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಭೇಟಿ ನೀಡುವ ವೈದ್ಯರ ತಂಡವು ಉಬ್ಬಸದ ತೊಂದರೆಯನ್ನೂ ಪರೀಕ್ಷಿಸುತ್ತದೆ. ನಗರದ ಸರ್ಕಾರಿ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗವಿದೆ. ಅಲ್ಲಿಗೆ ತೆರಳುವಾಗ ಹಳೆಯ ಔಷಧ ಚೀಟಿಯೊಂದಿಗೆ, ಬಳಸುತ್ತಿರುವ ಇನ್‌ಹೇಲರ್ ಮತ್ತು ಸ್ಪೇಸರನ್ನೂ ತಪ್ಪದೆ ಒಯ್ಯತಕ್ಕದ್ದು. ಬಳಸುವ ವಿಧಾನವನ್ನು ವೈದ್ಯರ ಎದುರಿನಲ್ಲಿಯೇ ತೋರಿಸಿದಲ್ಲಿ ಲೋಪಗಳು ತಿಳಿಯುತ್ತವೆ. ಉಬ್ಬಸ ಬಂದಾಗ ಯಾವ ಔಷಧಿ, ಎಷ್ಟು ಪಫ್ ಎಂಬುದನ್ನು ಬರೆಯಿಸಿಕೊಂಡು, ಅದರ ಪ್ರತಿಯೊಂದನ್ನು ತರಗತಿಯ ಶಿಕ್ಷಕರಿಗೂ ನೀಡಬೇಕು.

ಮಗುವಿಗೆ ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದಲ್ಲಿ, ಉಸಿರೆಳೆಯುವಾಗ ಪಕ್ಕೆಲುಬುಗಳ ನಡುವೆ ಒಳಸೆಳೆತ ಕಂಡಲ್ಲಿ ಅಥವಾ ತುಟಿ ನೀಲಿಯಾದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡತಕ್ಕದ್ದು. ಆಂಬುಲೆನ್ಸ್ ಬರುವವರೆಗೆ ಮಗುವನ್ನು ಮಲಗಿಸದೆ ನೆಟ್ಟಗೆ ಕುಳ್ಳಿರಿಸಿ, ವೈದ್ಯರು ಬರೆದುಕೊಟ್ಟಂತೆ ಸಾಲ್ಬುಟಮಾಲನ್ನು ಸ್ಪೇಸರ್ ಮೂಲಕ ನೀಡುತ್ತಿರಬೇಕು.