ಅಡುಗೆಮನೆ ಗೋಡೆ ಕೆರೆಯುವ ಮೊದಲು

ಹಬ್ಬ ಹತ್ತಿರ ಬಂತೆಂದರೆ ಊರಲ್ಲಿ ಸುಣ್ಣ-ಬಣ್ಣದ ಮಾತು ಶುರು. ಪಡಸಾಲೆಗೆ ಬಣ್ಣ ಆರಿಸುವುದು ಸುಲಭ. ತಲೆನೋವು ಕೊಡುವುದು ಅಡುಗೆಮನೆ. ಎಣ್ಣೆ ಸಿಡಿಯುತ್ತದೆ, ಹಬೆ ಕೂರುತ್ತದೆ, ಒಲೆಯ ಹಿಂದಿನ ಗೋಡೆ ಆರು ತಿಂಗಳಲ್ಲೇ ಕಂದು ಬಣ್ಣಕ್ಕೆ ತಿರುಗುತ್ತದೆ.

ಐವತ್ತು ಅರವತ್ತು ವರ್ಷ ಹಳೆಯ ಮನೆಯಾದರೆ ಅಡುಗೆಮನೆಯಲ್ಲಿ ಪದರ ಎದ್ದ ಜಾಗವೊಂದನ್ನು ಹತ್ತಿರದಿಂದ ನೋಡಿ. ಮೇಲೆ ಪ್ಲಾಸ್ಟಿಕ್ ಪೇಂಟ್, ಅದರಡಿ ಹಸಿರು ಆಯಿಲ್ ಪೇಂಟ್, ಅದರಡಿ ಡಿಸ್ಟೆಂಪರ್, ಇನ್ನೂ ಕೆಳಗೆ ನೀಲಿ ಬೆರೆಸಿದ ಸುಣ್ಣ, ಕಟ್ಟಕಡೆಗೆ ಮಣ್ಣು ಇರಬಹುದು. ಒಂದೊಂದು ಪದರವೂ ಒಂದೊಂದು ಕಾಲ. ಈ ಚರಿತ್ರೆ ತಿಳಿದಿದ್ದರೆ ಹಣವೂ ಉಳಿಯುತ್ತದೆ, ಮಕ್ಕಳ ಆರೋಗ್ಯವೂ ಉಳಿಯುತ್ತದೆ. ಹೇಗೆಂದು ನೋಡೋಣ.

ಮಣ್ಣೇ ಬಣ್ಣ

ಸೌದೆ ಒಲೆಯ ಕಾಲದಲ್ಲಿ ಅಡುಗೆಮನೆಗೆ ಬಣ್ಣ ಆರಿಸುವ ಪ್ರಶ್ನೆಯೇ ಇರಲಿಲ್ಲ. ಮೇಲಿನ ಅರ್ಧ ಗೋಡೆ, ಜಂತೆ, ಅಟ್ಟ ಎಲ್ಲಾ ಹೊಗೆಗೆ ಸೇರಿದ್ದು. ಅಲ್ಲಿ ಮಸಿಯೇ ಬಣ್ಣ. ಕೆಳಗಿನ ಅರ್ಧ ಮಾತ್ರ ಮನೆಯವರದು. ಅದಕ್ಕೆ ಊರ ಸುತ್ತ ಯಾವ ಮಣ್ಣು ಸಿಗುತ್ತದೋ ಅದೇ ಬಣ್ಣ. ಮಲೆನಾಡು, ಕರಾವಳಿಯಲ್ಲಿ ಕೆಮ್ಮಣ್ಣು. ಕೆಲವು ಕಡೆ ಬಿಳಿ ಮಣ್ಣು. ಒಲೆಗೆ ಸಗಣಿ, ಮಣ್ಣಿನ ಸಾರಣೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಗೋಡೆ ಬಿರಿದರೆ, ಒಲೆಯ ಅಂಚು ಉದುರಿದರೆ, ಮನೆಯ ಹೆಣ್ಣುಮಕ್ಕಳು ಒಂದು ಹಿಡಿ ಮಣ್ಣು ಕಲಸಿ ಅವತ್ತೇ ಮೆತ್ತಿಬಿಡುತ್ತಿದ್ದರು. ಹೊಸ ಮಣ್ಣು ಹಳೆಯದಕ್ಕೆ ಬೆರೆತು ಒಣಗಿದ ಮೇಲೆ ತೇಪೆ ಎಲ್ಲಿ ಹಾಕಿದ್ದು ಎಂದು ಗೊತ್ತಾಗುತ್ತಿರಲಿಲ್ಲ. ಇದಕ್ಕೆ ಕಾಸಿನ ಖರ್ಚಿಲ್ಲ, ಹೊರಗಿನ ಆಳು ಬೇಕಿಲ್ಲ. ಗೋಡೆ ದುರಸ್ತಿ ಎನ್ನುವುದು ದಿನದ ಕೆಲಸವಾಗಿತ್ತು, ವರ್ಷಕ್ಕೊಮ್ಮೆ ಬರುವ ಖರ್ಚಾಗಿರಲಿಲ್ಲ.

ಸುಣ್ಣ ಮತ್ತು ನೀಲಿ

ಸುಣ್ಣದ ಕಲ್ಲನ್ನೋ ಕರಾವಳಿಯಲ್ಲಿ ಚಿಪ್ಪನ್ನೋ ಗೂಡಿಗೆ ಹಾಕಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಸುಟ್ಟ ಸುಣ್ಣ ಸಿಗುತ್ತದೆ. ನೀರು ಹಾಕಿದರೆ ಅದು ಕೊತಕೊತ ಕುದಿದು ಅರಳುತ್ತದೆ. ಗೋಡೆಗೆ ಹಚ್ಚಿದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. ಅಂದರೆ ಸುಣ್ಣ ಹೊಡೆಯುವುದೆಂದರೆ ಗೋಡೆಯ ಮೇಲೆ ತೆಳುವಾದ ಕಲ್ಲಿನ ಹಾಳೆ ಹೊದಿಸುವುದು. ಹಸಿ ಸುಣ್ಣದ ಖಾರಕ್ಕೆ ಬೂಷ್ಟು, ಸೂಕ್ಷ್ಮಜೀವಿಗಳು ತಡೆಯುವುದಿಲ್ಲ. ಗೋಡೆಯ ತೇವ ಸುಣ್ಣದ ಮೂಲಕ ಹೊರಗೆ ಹೋಗುತ್ತದೆ. ಹಬೆ ತುಂಬಿದ ಅಡುಗೆಮನೆಗೆ ಇದು ಹೇಳಿ ಮಾಡಿಸಿದ್ದು.

ಆದರೆ ಹೊಗೆಗೆ ಬಿಳಿ ಗೋಡೆ ಬೇಗ ಹಳದಿಯಾಗುತ್ತದೆ. ಅದಕ್ಕೆ ಸಿಕ್ಕ ಉಪಾಯ ನೀಲಿ. ಬಟ್ಟೆಗೆ ಹಾಕುವ ನೀಲಿಯನ್ನೇ ಚಿಟಿಕೆಯಷ್ಟು ಬೆರೆಸಿದರೆ ಸುಣ್ಣ ಇನ್ನೂ ಬೆಳ್ಳಗೆ ಕಾಣುತ್ತದೆ. ಕೈ ಜಾರಿ ಹೆಚ್ಚು ಬಿದ್ದರೆ ಗೋಡೆಯೇ ತಿಳಿನೀಲಿ. ನಮ್ಮ ಊರುಗಳಲ್ಲಿ ಕಾಣುವ ನೀಲಿ ಗೋಡೆಗಳ ಹಿಂದಿನ ಗುಟ್ಟು ಇಷ್ಟೇ.

ಈ ನೀಲಿಗೆ ದೊಡ್ಡ ಕಥೆಯಿದೆ. ಇದರ ಹೆಸರು ಅಲ್ಟ್ರಾಮರೀನ್. ಮೊದಲು ಇದನ್ನು ಅಫ್ಘಾನಿಸ್ತಾನದ ಬದಕ್ಷಾನ್ ಗಣಿಗಳ ನೀಲಿ ಕಲ್ಲನ್ನು ಅರೆದು ಮಾಡುತ್ತಿದ್ದರು. ಯುರೋಪಿನ ಚಿತ್ರಕಾರರಿಗೂ ಕೈಗೆಟುಕದಷ್ಟು ಬೆಲೆ. 1824ರಲ್ಲಿ ಫ್ರಾನ್ಸಿನ ಸಂಸ್ಥೆಯೊಂದು ಇದನ್ನು ಅಗ್ಗವಾಗಿ ತಯಾರಿಸುವವರಿಗೆ 6,000 ಫ್ರಾಂಕ್ ಬಹುಮಾನ ಇಟ್ಟಿತು. 1828ರಲ್ಲಿ ಅದನ್ನು ಗೆದ್ದವನು ಜೀನ್ ಬಾಪ್ಟಿಸ್ಟ್ ಗಿಮೆ. ಆಮೇಲೆ ಕಾರ್ಖಾನೆಯ ನೀಲಿ ಸಮುದ್ರ ದಾಟಿ ನಮ್ಮ ಶೆಟ್ಟರ ಅಂಗಡಿಗೂ ಬಂತು. ರಾಜರ ಬಣ್ಣ ಕೊನೆಗೆ ಬಡವರ ಅಡುಗೆಮನೆಗೆ ಬಂದ ಬಗೆ ಇದು. ಈ ನೀಲಿ ಹುಳಿಗೆ ಕೆಡುತ್ತದೆ, ಸುಣ್ಣದ ಖಾರಕ್ಕೆ ಮಾತ್ರ ಕೆಡುವುದಿಲ್ಲ. ಆದ್ದರಿಂದಲೇ ಸುಣ್ಣದ ಜೊತೆ ಇಷ್ಟು ಕಾಲ ಬಾಳಿತು.

ಡಬ್ಬ ಬಂತು

ನಮ್ಮ ದೇಶದಲ್ಲಿ ಪೇಂಟ್ ಕಾರ್ಖಾನೆಗಳ ಚರಿತ್ರೆ ಕಲ್ಕತ್ತಾ ಪಕ್ಕದ ಹೌರಾದಿಂದ ಶುರುವಾಗುತ್ತದೆ. ಈಗ ಶಾಲಿಮಾರ್ ಎಂದು ಕರೆಯುವ ಕಂಪನಿ 1902ರಲ್ಲಿ ಅಲ್ಲಿ ಆರಂಭವಾಯಿತು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಓಟು ಹಾಕಿದಾಗ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರ ಚುನಾವಣೆಯಿಂದ ಬರುತ್ತಿರುವುದು ಇದೇ ಕಾರ್ಖಾನೆಯಿಂದ. 1942ರಲ್ಲಿ ಮುಂಬೈಯಲ್ಲಿ ಏಷ್ಯನ್ ಪೇಂಟ್ಸ್ ಹುಟ್ಟಿತು. ಬಣ್ಣದ ಡಬ್ಬ, ಬ್ರಷ್ ಹಿಡಿದ ಅದರ ತುಂಟ ಹುಡುಗ 'ಗಟ್ಟು'ವನ್ನು 1954ರಲ್ಲಿ ಬರೆದವರು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್.

ಹಳ್ಳಿ ಮನೆಗಳಿಗೆ ಈ ಸರಕು ಡಿಸ್ಟೆಂಪರ್ ರೂಪದಲ್ಲಿ ಬಂತು. ಸೀಮೆಸುಣ್ಣದಂಥ ಪುಡಿಗೆ ಅಂಟು, ಬಣ್ಣ ಬೆರೆಸಿದ್ದು ಅದು. ಗುಲಾಬಿ, ತಿಳಿಹಸಿರು, ಕೆನೆ ಬಣ್ಣ ಹೀಗೆ ಮೊದಲ ಬಾರಿಗೆ 'ಯಾವ ಬಣ್ಣ ಬೇಕು?' ಎಂಬ ಪ್ರಶ್ನೆ ಮನೆಯೊಳಗೆ ಬಂತು. ಆದರೆ ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಆ ಬಣ್ಣ ಕೈಗೇ ಬರುತ್ತಿತ್ತು. ಹಾಗಾಗಿ ಅಡುಗೆಮನೆಯಲ್ಲಿ ಸೊಂಟದ ಎತ್ತರದವರೆಗೆ ತೊಳೆಯಲು ಬರುವ ಆಯಿಲ್ ಪೇಂಟ್ ಬಳಿಸುವ ರೂಢಿ ಬಂತು. ಕೆಳಗೆ ಹೊಳೆಯುವ ಹಸಿರು, ಮೇಲೆ ಸುಣ್ಣ. ಹಳೆಯ ಶಾಲೆ, ಆಸ್ಪತ್ರೆಗಳಲ್ಲೂ ಈ ಜೋಡಿ ನೋಡಿರುತ್ತೀರಿ.

ಬಣ್ಣ ಆರಿಸುವ ಸ್ವಾತಂತ್ರ್ಯ ಹೀಗೆ ಸಿಕ್ಕಿತು, ತೇಪೆ ಹಾಕುವ ಸ್ವಾತಂತ್ರ್ಯ ಹೋಯಿತು. ಡಬ್ಬ ಅಂಗಡಿಯದು, ಕೈ ಪೇಂಟರನದು, ಲೆಕ್ಕ ಗಂಡಸರದು. ದಿನವಿಡೀ ಆ ಗೋಡೆ ನೋಡುವ ಹೆಂಗಸರ ಮಾತು ಕೊನೆಗೆ ಬಂತು.

ಡಬ್ಬದೊಳಗಿನ ಸೀಸ

ಆಯಿಲ್ ಪೇಂಟ್ ಜೊತೆ ಇನ್ನೊಂದು ವಸ್ತುವೂ ಮನೆಗೆ ಬಂತು, ಅದು ಸೀಸ. ಕಡು ಹಳದಿ, ಕಿತ್ತಳೆ, ಕೆಂಪು, ಹಸಿರು ಬಣ್ಣಗಳಿಗೆ ಹೊಳಪು ಕೊಡಲು, ಬೇಗ ಒಣಗಿಸಲು ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. ಸೀಸ ಮೈಗೆ ಸೇರಿದರೆ ಚಿಕ್ಕ ಮಕ್ಕಳ ಮಿದುಳಿಗೆ ಪೆಟ್ಟು. ಕಲಿಕೆ, ಗಮನ ಕುಗ್ಗುತ್ತವೆ. ಆ ಹಾನಿ ಮತ್ತೆ ಸರಿಹೋಗುವುದು ಕಷ್ಟ. ಗರ್ಭಿಣಿಯರಿಗೂ ಅಪಾಯ.

ಭಾರತದಲ್ಲಿ ಇದಕ್ಕೆ ಕಡ್ಡಾಯ ಮಿತಿ ಬಂದದ್ದು ತೀರಾ ತಡವಾಗಿ. 2016ರ ನಿಯಮ 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಮನೆಗೆ ಬಳಸುವ ಪೇಂಟಿನ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗ ಮೀರಬಾರದು. ಅಂದರೆ ಅದಕ್ಕೂ ಮೊದಲು ಬಳಿದ ಆಯಿಲ್ ಪೇಂಟಿನಲ್ಲಿ ಸೀಸ ಇರಬಹುದು ಎಂದೇ ನಡೆದುಕೊಳ್ಳುವುದು ಕ್ಷೇಮ. ಗೋಡೆಯ ಮೇಲೆ ಗಟ್ಟಿಯಾಗಿ ಕೂತಿರುವಾಗ ಅಪಾಯ ಕಡಿಮೆ. ಸಿಪ್ಪೆ ಎದ್ದಾಗ, ಮರಳು ಕಾಗದ ಹಾಕಿ ಒಣಗಿದ್ದಂತೆಯೇ ಉಜ್ಜಿದಾಗ ಅದು ಧೂಳಾಗಿ ಹಿಟ್ಟಿನ ಡಬ್ಬ, ಪಾತ್ರೆ, ಅಂಬೆಗಾಲಿಡುವ ಮಗುವಿನ ಕೈ ಎಲ್ಲ ಸೇರುತ್ತದೆ.

ಈ ಸಲ ಏನು ಮಾಡಬೇಕು?

ಈಗ ಗ್ಯಾಸ್ ಒಲೆಯಿರುವ ಮನೆಗಳಲ್ಲಿ ಹೊಗೆ ಕಡಿಮೆಯಾಗಿ ಅಡುಗೆಮನೆಗೆ ತಿಳಿ ಬಣ್ಣ ಹಚ್ಚುವ ಧೈರ್ಯ ಬಂದಿದೆ. 2016ರ ಮೇ 1ರಂದು ಶುರುವಾದ ಉಜ್ವಲಾ ಯೋಜನೆಯ ಸಿಲಿಂಡರ್‌ಗಳೂ ಇದಕ್ಕೆ ಕಾರಣ. ಆದರೆ ಮೊದಲು ಗೋಡೆಯ ಒಳಪದರ ನೋಡಿ.

ಹಳೆಯ ಆಯಿಲ್ ಪೇಂಟ್ ಇದ್ದರೆ ಪಾತ್ರೆ, ದಿನಸಿ ಹೊರಗಿಡಿ. ಮಕ್ಕಳು, ಗರ್ಭಿಣಿಯರು ಆ ಕಡೆ ಬಾರದಿರಲಿ. ಗೋಡೆಗೆ ನೀರು ಚಿಮುಕಿಸಿ ಎದ್ದ ಸಿಪ್ಪೆ ಮಾತ್ರ ತೆಗೆಯಿರಿ. ಮೂಗಿಗೆ ಒಳ್ಳೆಯ ಮಾಸ್ಕ್ ಇರಲಿ. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬೆಂಕಿ ಹಿಡಿದು ಬಣ್ಣ ಎಬ್ಬಿಸುವುದಂತೂ ಬೇಡವೇ ಬೇಡ.

ಒಳಗೆ ಸುಣ್ಣವಿದ್ದರೆ ಅದರ ಪುಡಿಯ ಮೇಲೆ ಪ್ಲಾಸ್ಟಿಕ್ ಪೇಂಟ್ ನಿಲ್ಲುವುದಿಲ್ಲ, ವರ್ಷದೊಳಗೆ ಹಪ್ಪಳದಂತೆ ಏಳುತ್ತದೆ. ಸಡಿಲ ಸುಣ್ಣ ತೊಳೆದು, ಒಣಗಿಸಿ, ಪ್ರೈಮರ್ ಕೊಟ್ಟೇ ಹಚ್ಚಬೇಕು. ಮಣ್ಣಿನ ಗೋಡೆಯಾದರೆ ಸುಣ್ಣವೇ ಸರಿ. ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ನಿಂತು ಗೋಡೆ ಕೆಡುತ್ತದೆ.

ತೇಪೆಯ ವಿಷಯವೂ ಇದೆ. ಅಂಗಡಿಯ ಮೆಷಿನ್ನಿನಲ್ಲಿ ಬಣ್ಣ ಬೆರೆಸಿ ಕೊಟ್ಟಾಗ ಡಬ್ಬದ ಮೇಲಿನ ಬಣ್ಣದ ನಂಬರ್ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಉಳಿದ ಬಣ್ಣವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಿ. ಒಲೆಯ ಹಿಂದಿನ ಜಿಡ್ಡನ್ನು ಸೋಪಿನ ನೀರಲ್ಲಿ ತೊಳೆದು, ಒಣಗಿದ ಮೇಲೆ ಹಚ್ಚಿ. ಹಳೆಯ ಬಣ್ಣ ಮಾಸಿರುವುದರಿಂದ ನಡುವೆ ಒಂದು ತೇಪೆ ಹಾಕಿದರೆ ಎದ್ದು ಕಾಣುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಆ ಒಂದು ಗೋಡೆ ಪೂರ್ತಿ ಹಚ್ಚಿದರೆ ಹೊಂದುತ್ತದೆ. ಇದಕ್ಕೆ ಪೇಂಟರ್ ಬೇಕಿಲ್ಲ, ಒಂದು ಬ್ರಷ್ ಮತ್ತು ಅರ್ಧ ದಿನ ಸಾಕು.

ಇನ್ನು ಯಾವ ಬಣ್ಣ? ಅಂಗಡಿಗೆ ಹೋಗುವ ಮುನ್ನ ಆ ಗೋಡೆಯ ಮುಂದೆ ದಿನಕ್ಕೆ ಮೂರು ಹೊತ್ತು ನಿಲ್ಲುವವರನ್ನು ಕೇಳಿ.