ಲಾಲ್‌ಬಾಗಿನ ಬಿಳಿಬೂರುಗ ಮತ್ತು ಬುಕಾನನ್ನನ ಮೌನ

ಬೆಂಗಳೂರಿನ ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿ ಆರಂಭಿಸಿದನು, ಟಿಪ್ಪು ಬೆಳೆಸಿದನು, 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು, ಅದರ ಮೇಲ್ವಿಚಾರಕರಾಗಿದ್ದ ಕ್ಯಾಮರನ್ ಮತ್ತು ಕ್ರುಂಬಿಗಲ್ ಅದಕ್ಕೆ ಇಂದಿನ ರೂಪ ಕೊಟ್ಟರು ಎಂಬಷ್ಟರಲ್ಲಿ ವಿದ್ವಾಂಸರಿಗೆ ಭಿನ್ನಮತವಿಲ್ಲ. ತೊಡಕಿರುವುದು ಮರಗಳ ವಯಸ್ಸಿನಲ್ಲಿ. ನಡೆದಾಡುವವರು ನಿಂತು ನೋಡುವ ದೈತ್ಯ ಬಿಳಿಬೂರುಗವನ್ನು, ಅಂದರೆ ಕಾಯೊಳಗಿನ ಅರಳೆ ದಿಂಬಿಗಾಗುವ, ಬುಡದಲ್ಲಿ ಹಲಗೆಯಂಥ ಆನಿಕೆ ಬೇರುಗಳುಳ್ಳ ಮರವನ್ನು, ಸುಲ್ತಾನರ ಕಾಲದ್ದೆಂದು ಹೇಳುವ ರೂಢಿಯಿದೆ.

ಈ ರೂಢಿಗೆ ಮುಖ್ಯ ಆಧಾರ ಕಾಂಡದ ಗಾತ್ರ. ಆದರೆ ಬಿಳಿಬೂರುಗ ಬೇಗ ಬೆಳೆಯುವ ಜಾತಿಯಾದುದರಿಂದ, ಸುತ್ತಳತೆಯಿಂದ ಶತಮಾನಗಳನ್ನು ಎಣಿಸುವುದು ಸಾಧುವಲ್ಲ. ಮರದ ಮೂಲ ಅಮೆರಿಕ ಮತ್ತು ಪಶ್ಚಿಮ ಆಫ್ರಿಕದ ಉಷ್ಣವಲಯವಾದ್ದರಿಂದ ಅದು ಬ್ರಿಟಿಷರೊಡನೆಯೇ ಬಂದಿರಬೇಕೆಂಬ ಪ್ರತಿವಾದವೂ ನಿಲ್ಲದು. 1678ರಿಂದ 1693ರ ನಡುವೆ ಆಂಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹಾರ್ಟಸ್ ಮಲಬಾರಿಕಸ್’ ಗ್ರಂಥವು ಮಲಬಾರಿನ ಗಿಡಮರಗಳ ನಡುವೆ ಇದನ್ನೂ ವರ್ಣಿಸಿದೆ.

ಇವೆರಡಕ್ಕಿಂತ ಗಟ್ಟಿಯಾದ ಸಾಕ್ಷ್ಯ, ಈಸ್ಟ್ ಇಂಡಿಯಾ ಕಂಪನಿಗಾಗಿ ಮೈಸೂರು ಸೀಮೆಯ ಸಮೀಕ್ಷೆ ನಡೆಸಿದ ಫ್ರಾನ್ಸಿಸ್ ಬುಕಾನನ್ನನದು. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರ ಮೇ ತಿಂಗಳಲ್ಲಿ ಬೆಂಗಳೂರಿನ ತೋಟಗಳನ್ನು ಕಂಡ ಅವನು, ಚೌಕ ಮಡಿಗಳನ್ನೂ, ಅವುಗಳ ನಡುವೆ ಸೈಪ್ರಸ್ ಸಾಲಿನ ಕಾಲುದಾರಿಗಳನ್ನೂ, ಒಂದು ಮಡಿಗೆ ಗುಲಾಬಿ, ಮತ್ತೊಂದಕ್ಕೆ ದಾಳಿಂಬೆ ಎಂಬ ವಿಂಗಡಣೆಯನ್ನೂ ದಾಖಲಿಸುತ್ತಾನೆ. ಬೂರುಗದ ಮಾತೇ ಇಲ್ಲ. ಬೇರಿನಿಂದ ನೆಲವನ್ನೇ ಎತ್ತುವ ಮರಕ್ಕೆ ಅಂಥ ಅಚ್ಚುಕಟ್ಟಾದ ಮಡಿಯಲ್ಲಿ ಎಡೆಯಿರಲಿಲ್ಲವೆಂದೂ, ಇಂದಿನ ಬಿಳಿಬೂರುಗವು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ನೆಡುವಿಕೆಯೆಂದೂ ಇಲ್ಲಿ ಸೂಚಿಸಲಾಗಿದೆ. ‘ಬಹುಮಟ್ಟಿಗೆ’ ಎಂಬ ಮಾತು ಅಲಂಕಾರಕ್ಕಲ್ಲ. ಬುಕಾನನ್ ಸಸ್ಯಪಟ್ಟಿ ಮಾಡಲು ಹೊರಟವನಲ್ಲ, ಹಣ್ಣು ತರಕಾರಿಗಳ ಲಾಭನಷ್ಟ ನೋಡುವವನು. ಎಳೆಯ ಸಸಿಯೊಂದು ಅವನ ಕಣ್ಣಿಗೆ ಬೀಳದೆಯೂ ಇರಬಹುದು. ಅಲ್ಲದೆ, ಹೈದರನ ತೋಟ ಸುಮಾರು 40 ಎಕರೆ, ಇಂದಿನದು 240 ಎಕರೆ. ಮರವು ಹಳೆಯ ಎಲ್ಲೆಯ ಹೊರಗೆ ನಿಂತಿದ್ದರೆ ಅವನ ಮೌನಕ್ಕೆ ಬೆಲೆಯೇ ಇಲ್ಲ.

ಕಾಂಡವನ್ನು ಕೊರೆದು ಮಾದರಿ ತೆಗೆದು ಬೆಳವಣಿಗೆಯ ಉಂಗುರಗಳನ್ನು ಎಣಿಸೋಣವೆಂದರೆ, ಉಷ್ಣವಲಯದ ಮರಗಳಲ್ಲಿ ಅವು ವರ್ಷಕ್ಕೊಂದರಂತೆ ಮೂಡುತ್ತವೆಂಬ ಭರವಸೆಯಿಲ್ಲ. ಇಷ್ಟು ಹಳೆಯ, ಮೆದುವಾದ ಮರಕ್ಕೆ ತೂತು ಕೊರೆಯುವುದು ತರವೂ ಅಲ್ಲ. ಹೈದರನ 40 ಎಕರೆಯ ಎಲ್ಲೆಯನ್ನು ಇಂದಿನ ನಕ್ಷೆಯ ಮೇಲೆ ಗುರುತಿಸುವ ಕೆಲಸ ಮೊದಲು ಆಗಬೇಕು. ಅಲ್ಲಿಯವರೆಗೆ ಈ ಮರವನ್ನು ಟಿಪ್ಪುವಿನ ಲೆಕ್ಕಕ್ಕೆ ಬರೆಯುವಂತಿಲ್ಲ.